ಮೈಲಿ ಆಮೇಲೆ ನೋಡಿ, ಮೊದಲು ಮೂಲೆ ಒತ್ತಿ ನೋಡಿ

ನಾವು ಮೊದಲು ನೋಡಲು ಹೋದ ಸೆಕೆಂಡ್ ಹ್ಯಾಂಡ್ ಮೋಟರ್‌ಹೋಮ್ ಹೊರಗಿನಿಂದ ಮದುವೆ ಮನೆಯ ಹಾಗೆ ಮಿರಿಮಿರಿ ಮಿಂಚುತ್ತಿತ್ತು. ಪಾಲಿಶ್ ಹಾಕಿದ ಬಿಳಿ ಮೈ, ಒಳಗೆ ಹೊಸ ಕುಶನ್ನು, ಓಡೋಮೀಟರಿನಲ್ಲಿ ಬರೀ 21,000 ಮೈಲಿ. ಹನ್ನೆರಡು ವರ್ಷದ ಗಾಡಿ ಇಷ್ಟೇ ಓಡಿದೆಯಾ ಎಂದು ನಾನು ಒಳಗೊಳಗೇ ಖುಷಿಪಟ್ಟೆ. ಅಷ್ಟರಲ್ಲಿ ನನ್ನ ಹೆಂಡತಿ ಡ್ರೈವರ್ ಸೀಟಿನ ಮೇಲಿರುವ ಅಟ್ಟದಂಥ ಹಾಸಿಗೆಗೆ ಹತ್ತಿ, ಮೂಲೆಯ ಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿದಳು. “ರೀ, ಇಲ್ಲಿ ನೋಡಿ, ಬೆರಳು ಒಳಗೇ ಹೋಗ್ತಿದೆ.” ಗೋಡೆ ಚಹಾದಲ್ಲಿ ಅದ್ದಿದ ರಸ್ಕಿನ ಹಾಗಿತ್ತು. ಗಟ್ಟಿಯಾಗಿದ್ದದ್ದು ಮೇಲೆ ಅಂಟಿಸಿದ ವಾಲ್‌ಪೇಪರ್ ಮಾತ್ರ. ಮೇಲೆ ಥಳುಕು ಒಳಗೆ ಹುಳುಕು ಅಂತಾರಲ್ಲ, ಅದನ್ನು ಅವತ್ತು ಕೈಯಲ್ಲಿ ಮುಟ್ಟಿ ನೋಡಿದ ಹಾಗಾಯಿತು.

ನಾವಿರುವುದು ಅಮೆರಿಕದ ಓಹಾಯೋ ರಾಜ್ಯದ ಕೊಲಂಬಸ್ ಹತ್ತಿರ. ಪ್ರತಿ ಬೇಸಿಗೆಗೆ ಊರಿಂದ ಅಪ್ಪ ಅಮ್ಮ ಬರುತ್ತಾರೆ. ಅವರಿಗೆ ಯೆಲ್ಲೋಸ್ಟೋನ್ ನ್ಯಾಷನಲ್ ಪಾರ್ಕ್ ತೋರಿಸಬೇಕು ಅಂತ ನಮಗೆ ಆಸೆ. ಆದರೆ ಅಮ್ಮನಿಗೆ ಮಂಡಿನೋವು, ಎರಡು ಗಂಟೆಗೊಮ್ಮೆ ಬಾತ್‌ರೂಮು ಬೇಕು, ಹೊರಗಿನ ಊಟ ಎರಡನೇ ದಿನಕ್ಕೇ ಬೇಡವಾಗುತ್ತದೆ. ಹಾಸಿಗೆ, ಅಡುಗೆಮನೆ, ಬಾತ್‌ರೂಮು ಮೂರನ್ನೂ ಜೊತೆಗೇ ಒಯ್ಯುವ ಮೋಟರ್‌ಹೋಮ್ ಇಂಥ ಸಂಸಾರಕ್ಕೆ ಹೇಳಿ ಮಾಡಿಸಿದ್ದು. ಹೊಸದು ನಮ್ಮ ಕೈಗೆಟುಕುವ ಮಾತಲ್ಲ. ಹಾಗಾಗಿ ಸೆಕೆಂಡ್ ಹ್ಯಾಂಡ್. ಒಂದು ಚಳಿಗಾಲ ಪೂರ್ತಿ ಏಳು ಗಾಡಿ ನೋಡಿದೆವು. ಆಗ ತಲೆಗೆ ಹೋದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ ಸ್ಪಷ್ಟವಾಗಬೇಕು. ಮೋಟರ್‌ಹೋಮ್ ಅಂದರೆ ಒಂದು ವಸ್ತುವಲ್ಲ, ಎರಡು. ಕೆಳಗೆ ಒಂದು ಲಾರಿ, ಮೇಲೆ ಒಂದು ಮನೆ. ನಮ್ಮ ಕಡೆ ಲಾರಿಯ ಚಾಸಿ ತಂದು ಬೇರೆ ಊರಲ್ಲಿ ಬಾಡಿ ಕಟ್ಟಿಸುತ್ತಾರಲ್ಲ, ಇಲ್ಲೂ ಹಾಗೇ. ಚಾಸಿ, ಎಂಜಿನ್ ಹೆಚ್ಚಾಗಿ ಫೋರ್ಡ್, ಷೆವರ್ಲೆ, ಮರ್ಸಿಡಿಸ್ ಅಥವಾ ಫ್ರೈಟ್‌ಲೈನರ್ ಕಂಪನಿಯದ್ದು. ಮೇಲಿನ ಮನೆ ಕಟ್ಟುವವರೇ ಬೇರೆ, ಅದರಲ್ಲೂ ಬಹುಪಾಲು ಇಂಡಿಯಾನಾ ರಾಜ್ಯದ ಎಲ್ಖಾರ್ಟ್ ಸುತ್ತಮುತ್ತಲಿನ ಕಾರ್ಖಾನೆಗಳು. ನಮ್ಮಲ್ಲಿಂದ ನಾಲ್ಕು ಗಂಟೆ ದಾರಿ. ಆ ಊರಲ್ಲಿ ಇವುಗಳದ್ದೇ ಒಂದು ಮ್ಯೂಸಿಯಂ ಕೂಡ ಇದೆ. ಹಾಲಿವುಡ್ ನಟಿ ಮೇ ವೆಸ್ಟ್ ಬಳಸುತ್ತಿದ್ದ 1931ರ ಷೆವರ್ಲೆ ಮನೆಗಾಡಿಯನ್ನು ಅಲ್ಲಿ ಇಟ್ಟಿದ್ದಾರೆ. ವಿನ್ನೆಬೇಗೊ ಎಂಬ ಹೆಸರಾಂತ ಕಂಪನಿ ಮಾತ್ರ ಅಯೋವಾದ ಫಾರೆಸ್ಟ್ ಸಿಟಿಯಲ್ಲಿ ಹುಟ್ಟಿದ್ದು, 1966ರಿಂದ ಮೋಟರ್‌ಹೋಮ್ ಮಾಡುತ್ತಿದೆ.

ಈ ಎರಡು ಭಾಗಕ್ಕೆ ಎರಡು ವಯಸ್ಸು ಇರುತ್ತದೆ. ಮಾರುವವರು “2015ರ ಮಾಡೆಲ್” ಎಂದರೆ ಅದು ಮೇಲಿನ ಮನೆಯ ಲೆಕ್ಕ. ಕೆಳಗಿನ ಚಾಸಿ 2014ರದ್ದಾಗಿರಬಹುದು. ಇದು ಮೋಸವಲ್ಲ, ಚಾಸಿ ಕಾರ್ಖಾನೆಯ ಅಂಗಳದಲ್ಲಿ ಕೆಲವು ತಿಂಗಳು ಕಾದು ನಿಂತಿರುತ್ತದೆ, ಅಷ್ಟೆ. ಆದರೆ ಬ್ರೇಕ್ ಪ್ಯಾಡೋ ಫಿಲ್ಟರೋ ತರಿಸುವಾಗ ಚಾಸಿಯ ವರ್ಷವೇ ಹೇಳಬೇಕು. ಅದು ಗೊತ್ತಾಗುವುದು ವಿನ್ ನಂಬರಿನಿಂದ, ಅಂದರೆ ಪ್ರತಿ ಗಾಡಿಗೂ ಇರುವ ಗುರುತಿನ ಸಂಖ್ಯೆಯಿಂದ. 17 ಅಕ್ಷರಗಳ ಆ ನಂಬರಿನಲ್ಲಿ ಹತ್ತನೆಯದು ವರ್ಷದ ಗುರುತು. ‘ಇ’ ಇದ್ದರೆ 2014, ‘ಎಫ್’ ಇದ್ದರೆ 2015.

ಇನ್ನು ಜಾತಿಗಳು. ಬಸ್ಸಿನ ಆಕಾರದ ದೊಡ್ಡದು ಕ್ಲಾಸ್ ಎ. ವ್ಯಾನಿನೊಳಗೇ ಮನೆ ಕೂರಿಸಿದ್ದು ಕ್ಲಾಸ್ ಬಿ. ಮುಂದೆ ವ್ಯಾನಿನ ಮೂತಿ, ಹಿಂದೆ ಪೆಟ್ಟಿಗೆ, ಡ್ರೈವರ್ ತಲೆ ಮೇಲೆ ಹಾಸಿಗೆ ಇರುವುದು ಕ್ಲಾಸ್ ಸಿ. ಬಿ ಎಂದರೆ ಎ ಮತ್ತು ಸಿ ನಡುವಿನ ಗಾತ್ರ ಅಂದುಕೊಳ್ಳಬೇಡಿ, ಮೂರರಲ್ಲಿ ಅದೇ ಚಿಕ್ಕದು. ಚಿಕ್ಕದಾದರೂ ಬೆಲೆ ಕಡಿಮೆಯಲ್ಲ, ಮರ್ಸಿಡಿಸ್‌ನ ಸ್ಪ್ರಿಂಟರ್ ವ್ಯಾನಿನದ್ದಾದರೆ ಕೇಳಲೇ ಬೇಡಿ. ಐದಾರು ಜನರ ಸಂಸಾರಕ್ಕೆ, ಮೊದಲ ಸಲ ಕೊಳ್ಳುವವರಿಗೆ ನಾನು ಹೇಳುವುದು ಕ್ಲಾಸ್ ಸಿ. ಫೋರ್ಡ್ ಇ-450 ಚಾಸಿಯಾದರೆ ಯಾವ ಸಣ್ಣ ಊರಿನಲ್ಲೂ ರಿಪೇರಿ ಆಗುತ್ತದೆ. 2020ರ ಹೊತ್ತಿನವರೆಗೆ ಇದರಲ್ಲಿ ಬರುತ್ತಿದ್ದ 6.8 ಲೀಟರಿನ ವಿ10 ಪೆಟ್ರೋಲ್ ಎಂಜಿನ್ ಗದ್ದಲ ಮಾಡುತ್ತದೆ, ಪೆಟ್ರೋಲ್ ಕುಡಿಯುತ್ತದೆ, ಆದರೆ ಸುಲಭಕ್ಕೆ ಸಾಯುವುದಿಲ್ಲ. ಒಂದು ಎಚ್ಚರ: 1990ರ ದಶಕದ ಕೊನೆ ಮತ್ತು 2000ದ ಮೊದಲ ಕೆಲವು ವರ್ಷಗಳ ವಿ10ಗಳಲ್ಲಿ ಸ್ಪಾರ್ಕ್ ಪ್ಲಗ್ ಹಿಡಿದಿಡುವ ಮರೆಗಳು (ಸ್ಕ್ರೂ ಥ್ರೆಡ್) ಕಡಿಮೆ, ಪ್ಲಗ್ ಕಿತ್ತುಕೊಂಡು ಹೊರಗೆ ಹಾರಿದ ಉದಾಹರಣೆಗಳಿವೆ. ಮೈಲೇಜ್ ಗ್ಯಾಲನ್‌ಗೆ 8ರಿಂದ 10 ಮೈಲಿ. ಅಂದರೆ ಲೀಟರಿಗೆ ನಾಲ್ಕು ಕಿಲೋಮೀಟರ್ ಆಸುಪಾಸು. ಇದನ್ನು ಕೇಳಿ ಅಪ್ಪ ಒಂದು ನಿಮಿಷ ಮಾತಾಡಲಿಲ್ಲ.

ಜಾಹೀರಾತಿನಲ್ಲಿ “ಆರು ಜನ ಮಲಗಬಹುದು” ಎಂದಿರುತ್ತದೆ. ಮಲಗಬಹುದು, ಸರಿ. ಆದರೆ ಓಡುವಾಗ ಆರು ಜನಕ್ಕೆ ಸೀಟ್ ಬೆಲ್ಟ್ ಇದೆಯಾ? ಹಲವು ಗಾಡಿಗಳಲ್ಲಿ ಇರುವುದಿಲ್ಲ. ಮಕ್ಕಳ ಕಾರ್ ಸೀಟ್ ಕಟ್ಟಲು ಸರಿಯಾದ ಜಾಗವೂ ಇರುವುದಿಲ್ಲ. ಬೆಲ್ಟುಗಳನ್ನು ಕೈಯಿಂದ ಎಳೆದು ಎಣಿಸಿ. ಹಾಗೇ ಅಪ್ಪ ಅಮ್ಮ ಎಲ್ಲಿ ಮಲಗುತ್ತಾರೆ ಅಂತ ಅಲ್ಲೇ ನಿಂತು ಯೋಚಿಸಿ. ಮಂಡಿನೋವಿರುವವರು ಏಣಿ ಹತ್ತಿ ಅಟ್ಟದ ಹಾಸಿಗೆಗೆ ಹೋಗುವುದು ಆಗದ ಮಾತು. ನಾವು ಇನ್ನೊಂದನ್ನೂ ಮಾಡಿದೆವು. ನೋಡಲು ಹೋಗುವಾಗ ಮನೆಯಿಂದ ಐದು ಲೀಟರಿನ ಕುಕ್ಕರ್, ಒಂದು ಬಾಣಲೆ ಒಯ್ದು ಒಲೆಯ ಮೇಲೆ ಒಟ್ಟಿಗೇ ಇಟ್ಟು ನೋಡಿದೆವು. ಎರಡು ಗಾಡಿಗಳಲ್ಲಿ ಎರಡೂ ಒಟ್ಟಿಗೆ ಕೂರಲಿಲ್ಲ. ಮಾರುವವರು ವಿಚಿತ್ರವಾಗಿ ನೋಡಿದರು, ನೋಡಲಿ ಬಿಡಿ. ಒಲೆಯ ಮೇಲಿನ ಫ್ಯಾನ್ ಜೋರಾಗಿ ಎಳೆಯುತ್ತದಾ ಅಂತಲೂ ನೋಡಿಕೊಳ್ಳಿ. ಇಲ್ಲದಿದ್ದರೆ ಒಂದು ಒಗ್ಗರಣೆಗೆ ಸ್ಮೋಕ್ ಅಲಾರಂ ಇಡೀ ಕ್ಯಾಂಪ್‌ಗ್ರೌಂಡ್ ಎಬ್ಬಿಸುತ್ತದೆ. ಕೊಳ್ಳುವ ಮುಂಚೆ ಅದೇ ಅಳತೆಯ ಗಾಡಿಯನ್ನು ಎರಡು ದಿನ ಬಾಡಿಗೆಗೆ ಓಡಿಸುವುದು ಇನ್ನೂ ಒಳ್ಳೆಯದು. ಕ್ರೂಸ್ ಅಮೆರಿಕದಂಥ ಕಂಪನಿಗಳು ಬಾಡಿಗೆಗೆ ಕೊಡುತ್ತವೆ, ತಮ್ಮ ಹಳೆಯ ಗಾಡಿಗಳನ್ನು ಮಾರುತ್ತವೆ ಕೂಡ.

ಈಗ ನೀರಿನ ವಿಷಯ. ಉಳಿದದ್ದೆಲ್ಲ ಮರೆತರೂ ಇದೊಂದನ್ನು ಮರೆಯಬೇಡಿ.

ಎಂಜಿನ್ ಕೆಟ್ಟರೆ ರಿಪೇರಿಗೆ ಇಂತಿಷ್ಟು ಅಂತ ಹೇಳಬಹುದು. ಗೋಡೆಯೊಳಗೆ ನೀರು ಇಳಿದರೆ ಯಾರೂ ಹೇಳಲಾರರು. ಈ ಗಾಡಿಗಳ ಗೋಡೆ ಒಂದು ಸ್ಯಾಂಡ್‌ವಿಚ್. ಹೊರಗೆ ತೆಳು ಫೈಬರ್‌ಗ್ಲಾಸ್, ಅದರ ಹಿಂದೆ ಎರಡು ಮೂರು ಮಿಲಿಮೀಟರಿನ ಪ್ಲೈವುಡ್, ನಡುವೆ ಥರ್ಮೊಕೋಲಿನಂಥ ಫೋಮ್, ಒಳಗೆ ಮತ್ತೊಂದು ತೆಳು ಪ್ಲೈವುಡ್. ಎಲ್ಲವನ್ನೂ ಅಂಟಿನಿಂದ ಒತ್ತಿ ಕೂಡಿಸಿರುತ್ತಾರೆ. ಛಾವಣಿಗೆ ಹಲವು ಗಾಡಿಗಳಲ್ಲಿ ರಬ್ಬರ್ ಹಾಳೆ. ಆ ಛಾವಣಿಯಲ್ಲಿ ಎಷ್ಟು ತೂತು ಗೊತ್ತಾ? ಎಸಿಗೆ ಒಂದು, ಫ್ಯಾನಿಗೆ ಒಂದು, ಬಾತ್‌ರೂಮಿನ ಬೆಳಕಿಂಡಿಗೆ ಒಂದು, ಆಂಟೆನಾಕ್ಕೆ, ಕೊಳವೆಗಳಿಗೆ, ಏಣಿಯ ಸ್ಕ್ರೂಗಳಿಗೆ. ಪ್ರತಿ ತೂತಿನ ಸುತ್ತ ಮೆತ್ತಿದ ಸೀಲೆಂಟ್ ಬಿಸಿಲಿಗೆ ಒಣಗಿ, ಚಳಿಗೆ ಸೀಳುತ್ತದೆ. ಗಾಡಿ ಓಡುವಾಗ ಇಡೀ ಮನೆ ಸಣ್ಣ ಭೂಕಂಪದಲ್ಲಿ ಇದ್ದ ಹಾಗೆ ಅಲುಗುವುದರಿಂದ ಸೀಳು ಇನ್ನಷ್ಟು ಬಿಡುತ್ತದೆ. ಅದನ್ನು ವರ್ಷಕ್ಕೆ ಒಂದೆರಡು ಸಲ ಹತ್ತಿ ನೋಡಿ ತೇಪೆ ಹಾಕುತ್ತಿರಬೇಕು. ಮಾಡದವರೇ ಜಾಸ್ತಿ.

ನೀರು ಇಳಿದರೆ ಮೊದಲು ಅಂಟು ಬಿಡುತ್ತದೆ. ಫೈಬರ್‌ಗ್ಲಾಸ್ ಪ್ಲೈವುಡ್ಡಿನಿಂದ ಎದ್ದು ಉಬ್ಬುತ್ತದೆ. ಎದುರಿಗೆ ನಿಂತು ನೋಡಿದರೆ ಅದು ಕಾಣುವುದಿಲ್ಲ. ಗಾಡಿಯ ಹಿಂದಿನ ಮೂಲೆಯಲ್ಲಿ ನಿಂತು ಕೆನ್ನೆಯನ್ನು ಗೋಡೆಗೆ ತಾಗಿಸಿದಂತೆ ಇಟ್ಟು, ಒಂದು ಟಾರ್ಚನ್ನು ಗೋಡೆಗೆ ಮಲಗಿಸಿ ಹಿಡಿಯಿರಿ. ಬೆಳಕು ಉದ್ದಕ್ಕೂ ಸವರಿಕೊಂಡು ಹೋಗುವಾಗ ಒಳ್ಳೆಯ ಗೋಡೆ ಕನ್ನಡಿಯ ಹಾಗೆ ಸಪಾಟು ಕಾಣುತ್ತದೆ. ಕೆಟ್ಟದ್ದು ಸರಿಯಾಗಿ ಲಟ್ಟಿಸದ ಚಪಾತಿಯ ಹಾಗೆ ಅಲೆಅಲೆಯಾಗಿ ಕಾಣುತ್ತದೆ. ಬೆರಳ ಗಂಟಿನಿಂದ ತಟ್ಟಿದರೆ ಆ ಜಾಗದ ಸದ್ದೂ ಬೇರೆ.

ಒಳಗೆ ಹೋದಾಗ ಮೊದಲು ಮೂಗು. ಬಾಗಿಲು ತೆಗೆದ ಕೂಡಲೇ ಬರುವ ವಾಸನೆಯನ್ನು ಗಮನಿಸಿ. ಮಳೆಗಾಲದಲ್ಲಿ ಮಲೆನಾಡಿನ ಮನೆಯ ಹಳೇ ಬೀರು ತೆಗೆದ ಹಾಗಿದ್ದರೆ ಒಳಗೆಲ್ಲೋ ಬೂಷ್ಟಿದೆ ಅಂತ ಅರ್ಥ. ನಾಲ್ಕು ಏರ್ ಫ್ರೆಶ್‌ನರ್ ನೇತುಹಾಕಿದ್ದರೆ ಇನ್ನೂ ಅನುಮಾನ ಪಡಿ. ಆಮೇಲೆ ಅಟ್ಟದ ಹಾಸಿಗೆಯ ಮುಂದಿನ ಎರಡು ಮೂಲೆ, ಕಪಾಟುಗಳ ಒಳಗಿನ ಮೇಲ್ಮೂಲೆ, ಕಿಟಕಿಗಳ ಕೆಳಗೆ, ಬಾತ್‌ರೂಮಿನ ನೆಲ, ಗೋಡೆ ಹೊರಗೆ ಸರಿಯುವ ಸ್ಲೈಡ್‌ಔಟ್ ಇದ್ದರೆ ಅದರ ಅಂಚು, ಎಲ್ಲ ಕಡೆ ಹೆಬ್ಬೆರಳಿಂದ ಒತ್ತಿ. ಬರಿಗಾಲಲ್ಲಿ ನಡೆಯಿರಿ, ಮೆತ್ತಗಿರುವ ನೆಲ ಶೂ ಹಾಕಿದರೆ ತಿಳಿಯುವುದಿಲ್ಲ. ಮರದ ತೇವ ಅಳೆಯುವ ಸಣ್ಣ ಮೀಟರ್ ಕಡಿಮೆ ದುಡ್ಡಿಗೇ ಸಿಗುತ್ತದೆ, ಜೇಬಿನಲ್ಲಿರಲಿ. ಮತ್ತೆ, ಹೇಗಾದರೂ ಮಾಡಿ ಛಾವಣಿ ನೋಡಲೇಬೇಕು. “ಮೇಲೇನೂ ಇಲ್ಲ, ಎಲ್ಲ ಚೆನ್ನಾಗಿದೆ” ಎಂದು ಏಣಿ ಕೊಡದ ಒಬ್ಬ ಮಹಾಶಯನಿಗೆ ನಮಸ್ಕಾರ ಹೇಳಿ ಬಂದೆವು.

ಎರಡನೇ ಶತ್ರು ನಿಲುಗಡೆ. ಕಾರು ಕೊಳ್ಳುವಾಗ ಕಡಿಮೆ ಓಡಿದ್ದು ಒಳ್ಳೆಯದು ಅಂತ ನಮಗೆಲ್ಲ ಅಭ್ಯಾಸವಾಗಿದೆ. ಇಲ್ಲಿ ಅದು ಅರ್ಧ ಸತ್ಯ. ಹನ್ನೆರಡು ವರ್ಷದಲ್ಲಿ 21,000 ಮೈಲಿ ಎಂದರೆ ಆ ಗಾಡಿ ಬಹುಪಾಲು ಹಿತ್ತಲಲ್ಲಿ ನಿಂತಿತ್ತು ಅಂತ. ನಿಂತಲ್ಲೇ ಟೈರ್ ಸೀಳುತ್ತದೆ, ರಬ್ಬರ್ ಪೈಪು ಬಿರುಸಾಗುತ್ತದೆ, ಬ್ಯಾಟರಿ ಸಾಯುತ್ತದೆ, ಇಲಿ ವೈರು ಕಡಿಯುತ್ತದೆ. ವರ್ಷಕ್ಕೆ ನಾಲ್ಕೈದು ಸಾವಿರ ಮೈಲಿ ಓಡಿ, ರಸೀದಿಗಳನ್ನೆಲ್ಲ ಫೈಲಿನಲ್ಲಿ ಇಟ್ಟವರ ಗಾಡಿ ಸಿಕ್ಕರೆ ನಾನು ಅದನ್ನೇ ಆರಿಸುತ್ತೇನೆ.

ಟೈರಿನ ವಯಸ್ಸು ಟೈರಿನ ಮೇಲೇ ಬರೆದಿರುತ್ತದೆ. ಪಕ್ಕದಲ್ಲಿ ‘ಡಿಒಟಿ’ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2318 ಎಂದಿದ್ದರೆ 2018ರ 23ನೇ ವಾರದಲ್ಲಿ ತಯಾರಾದದ್ದು. ಕೆಲವು ಟೈರುಗಳಲ್ಲಿ ಇದು ಒಳಮೈಯಲ್ಲಿರುತ್ತದೆ, ಗಾಡಿಯಡಿ ನುಸುಳಬೇಕು. ಐದರಿಂದ ಏಳು ವರ್ಷ ದಾಟಿದ್ದರೆ ಹಲ್ಲು ಎಷ್ಟೇ ಆಳವಿದ್ದರೂ ಬದಲಿಸಬೇಕು. ಕ್ಲಾಸ್ ಸಿ ಗಾಡಿಗೆ ಆರು ಟೈರು, ಸಾವಿರ ಡಾಲರ್ ಮೇಲೇ ಆಗುತ್ತದೆ. ಕ್ಲಾಸ್ ಎ ಬಸ್ಸಿಗೆ ಅದರ ಎಷ್ಟೋ ಪಟ್ಟು. ಚೌಕಾಸಿ ಮಾಡುವಾಗ ಈ ನಾಲ್ಕು ಅಂಕಿಯಷ್ಟು ಗಟ್ಟಿ ಸಾಕ್ಷಿ ಬೇರೆ ಇಲ್ಲ.

ಜನರೇಟರ್ ಕೂಡ ಹಾಗೇ. ಅದಕ್ಕೆ ಗಂಟೆ ತೋರಿಸುವ ಮೀಟರ್ ಇರುತ್ತದೆ. ಹತ್ತು ವರ್ಷದಲ್ಲಿ ನಲವತ್ತೇ ಗಂಟೆ ಓಡಿದ್ದರೆ “ಹೊಸದರ ಹಾಗಿದೆ” ಎನ್ನುತ್ತಾರೆ. ಅಲ್ಲ. ಅದನ್ನು ತಿಂಗಳಿಗೊಮ್ಮೆ ಒಂದೆರಡು ಗಂಟೆ ಲೋಡ್ ಹಾಕಿ ಓಡಿಸುತ್ತಿರಬೇಕು, ಇಲ್ಲದಿದ್ದರೆ ಪೆಟ್ರೋಲ್ ಕಾರ್ಬ್ಯುರೇಟರಿನಲ್ಲಿ ಗೋಂದಾಗುತ್ತದೆ. ಸ್ಟಾರ್ಟ್ ಮಾಡಿಸಿ, ಎಸಿ ಹಾಕಿ, ಅರ್ಧ ಗಂಟೆ ಬಿಡಿ. ಎರಡು ನಿಮಿಷ ಓಡಿ ನಿಂತರೆ ಕತೆ ಗೊತ್ತಾಯಿತು.

ಫ್ರಿಜ್ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಇದು ಮನೆಯ ಫ್ರಿಜ್ಜಿನಂತಲ್ಲ. ಹಳೆಯ ಮೋಟರ್‌ಹೋಮ್‌ಗಳಲ್ಲಿ ಹೆಚ್ಚಾಗಿ ಇರುವುದು ಕಂಪ್ರೆಸರ್ ಇಲ್ಲದ, ಗ್ಯಾಸಿನಲ್ಲೂ ಕರೆಂಟಿನಲ್ಲೂ ನಡೆಯುವ ಫ್ರಿಜ್. ಹಿಂದೆ ಸಣ್ಣ ಬೆಂಕಿ ಉರಿಯುತ್ತದೆ, ಆ ಶಾಖ ಅಮೋನಿಯಾ ಬೆರೆತ ನೀರನ್ನು ಕೊಳವೆಗಳಲ್ಲಿ ಓಡಿಸುತ್ತದೆ, ಒಳಗೆ ತಣ್ಣಗಾಗುತ್ತದೆ. ಬೆಂಕಿಯಿಂದ ಐಸು! ಆದರೆ ಪೂರ್ತಿ ತಣ್ಣಗಾಗಲು ಒಂದು ರಾತ್ರಿಯೇ ಬೇಕು, ಗಾಡಿ ಸಮತಟ್ಟಾಗಿಯೂ ನಿಂತಿರಬೇಕು. ಹಾಗಾಗಿ ಹಿಂದಿನ ದಿನವೇ ಫೋನ್ ಮಾಡಿ ಫ್ರಿಜ್ ಹಾಕಿಡಲು ಹೇಳಿ. ಹಿಂಭಾಗದ ಮುಚ್ಚಳ ತೆಗೆದಾಗ ಅಮೋನಿಯಾ ವಾಸನೆ ಬಂದರೆ ಅಥವಾ ಕೊಳವೆಯ ಮೇಲೆ ಹಳದಿ ಪುಡಿ ಕಂಡರೆ ಆ ಯೂನಿಟ್ ಮುಗಿದ ಹಾಗೆ.

ನಮ್ಮಂಥ ಚಳಿ ರಾಜ್ಯಗಳಲ್ಲಿ ಇನ್ನೊಂದು ತೊಂದರೆ. ನವೆಂಬರ್ ಬಂತೆಂದರೆ ಪೈಪುಗಳ ನೀರು ಖಾಲಿ ಮಾಡಿ, ಹೆಪ್ಪುಗಟ್ಟದ ಗುಲಾಬಿ ದ್ರಾವಣ ತುಂಬಿಸಿ ಇಡುತ್ತಾರೆ. ಆಗ ನೋಡಲು ಹೋದರೆ ನಲ್ಲಿ ತಿರುಗಿಸಿ ಪರೀಕ್ಷೆ ಮಾಡಲಾಗುವುದಿಲ್ಲ. ನಾವು ಕೊನೆಗೆ ಕೊಂಡದ್ದು ಮಾರ್ಚಿನಲ್ಲಿ. ಒಂದಿಷ್ಟು ದುಡ್ಡು ತಡೆಹಿಡಿದು, ಏಪ್ರಿಲಿನಲ್ಲಿ ನೀರು ತುಂಬಿಸಿ ನೋಡಿದ ಮೇಲೆ ಕೊಡುವುದು ಅಂತ ಬರೆಸಿಕೊಂಡಿದ್ದೆವು. ಏಪ್ರಿಲಿನಲ್ಲಿ ಪಂಪ್ ಹಾಕಿದ ಕೂಡಲೇ ಸಿಂಕಿನಡಿ ‘ಸುಯ್’ ಅಂತ ಸದ್ದು. ಪಂಪಿನ ಫಿಲ್ಟರ್ ಬಟ್ಟಲು ಚಳಿಗೆ ಸೀಳಿತ್ತು. ಬಿಡಿಭಾಗ ಅಗ್ಗದ್ದೇ, ಆದರೆ ಅದನ್ನು ಕೂರಿಸಲು ನಾನು ಎರಡು ಸಂಜೆ ನೆಲದ ಮೇಲೆ ಅಂಗಾತ ಮಲಗಬೇಕಾಯಿತು. ತಡೆಹಿಡಿದ ದುಡ್ಡಿನಲ್ಲಿ ಅದರ ಬೆಲೆ ಕಳೆದುಕೊಂಡೆವು, ಮಾರಿದವರೂ ತಕರಾರು ಮಾಡಲಿಲ್ಲ.

ಭಾರದ ಲೆಕ್ಕವನ್ನು ಬಹಳ ಜನ ನೋಡುವುದೇ ಇಲ್ಲ. 2008ರ ಮಧ್ಯದಿಂದ ಈಚೆಗೆ ತಯಾರಾದ ಮೋಟರ್‌ಹೋಮ್‌ಗಳಲ್ಲಿ ಜನ, ಸಾಮಾನು ಎರಡೂ ಸೇರಿ ಎಷ್ಟು ಪೌಂಡ್ ಹೇರಬಹುದು ಅಂತ ಒಂದು ಚೀಟಿ ಅಂಟಿಸಿರುತ್ತಾರೆ. ಅದರಲ್ಲಿ 1,500 ಅಂತಿದೆ ಅಂದುಕೊಳ್ಳಿ. ಐದು ಜನ ಸರಾಸರಿ 150 ಪೌಂಡ್ ಎಂದರೆ 750 ಹೋಯಿತು. ನೀರು ಗ್ಯಾಲನ್‌ಗೆ 8.3 ಪೌಂಡ್, 40 ಗ್ಯಾಲನ್ ತುಂಬಿಸಿದರೆ 332. ಉಳಿದದ್ದು 418 ಪೌಂಡ್, ಅಂದರೆ 190 ಕಿಲೋ. ಅದರಲ್ಲೇ ಬಟ್ಟೆ, ಪಾತ್ರೆ, ಅಕ್ಕಿಮೂಟೆ, ಸೈಕಲ್ ಎಲ್ಲ. ನೋಡಿದ ಒಂದು ಉದ್ದದ ಗಾಡಿಯಲ್ಲಿ ಚೀಟಿಯ ಅಂಕಿ ಸಾವಿರಕ್ಕೂ ಕಡಿಮೆ ಇತ್ತು. ಅಷ್ಟು ದೊಡ್ಡ ಮನೆ ಕಟ್ಟಿ, ಸಂಸಾರ ಹೂಡುವಂತಿಲ್ಲ! ಉದ್ದ ಹೆಚ್ಚಾದರೆ ದಾರಿಯೂ ಮುಚ್ಚುತ್ತದೆ. ಗ್ಲೇಸಿಯರ್ ನ್ಯಾಷನಲ್ ಪಾರ್ಕಿನ ಹೆಸರಾಂತ ಗೋಯಿಂಗ್-ಟು-ದ-ಸನ್ ರಸ್ತೆಯ ಬೆಟ್ಟದ ಭಾಗಕ್ಕೆ 21 ಅಡಿಗಿಂತ ಉದ್ದದ ಗಾಡಿಯನ್ನು ಬಿಡುವುದಿಲ್ಲ.

ಬೆಲೆಗೆ ಜೆ.ಡಿ. ಪವರ್ ಎಂಬ ಕಂಪನಿ ಕೊಡುವ ಅಂದಾಜು ಒಂದು ಆಧಾರ. ಆದರೆ 2020-21ರ ಕಾಲವನ್ನು ನೆನಪಿಡಿ. ಕೋವಿಡ್ಡಿಗೆ ಹೆದರಿ ಹೋಟೆಲು, ವಿಮಾನ ಬಿಟ್ಟ ಜನ ಇವುಗಳ ಹಿಂದೆ ಬಿದ್ದರು. 2021ರಲ್ಲಿ ಎಳೆಯುವ ಟ್ರೇಲರುಗಳೂ ಸೇರಿ ಸುಮಾರು 6 ಲಕ್ಷ ಗಾಡಿ ಕಾರ್ಖಾನೆಯಿಂದ ಹೊರಟವು, ದಾಖಲೆ ಅದು. 2023ಕ್ಕೆ ಅದು ಸುಮಾರು 3.13 ಲಕ್ಷಕ್ಕೆ ಇಳಿಯಿತು. ಕೋವಿಡ್ ಕಾಲದಲ್ಲಿ ದುಬಾರಿ ಬೆಲೆ ಕೊಟ್ಟು ಕೊಂಡವರು ಈಗ ಸಾಲ ತೀರಿಸುವಷ್ಟಾದರೂ ಬರಲಿ ಅಂತ ಬೆಲೆ ಹೇಳುತ್ತಾರೆ. ಅವರ ಸಾಲ ನಮ್ಮ ಲೆಕ್ಕವಲ್ಲ, ಅಲ್ವಾ? ಅವಸರದಲ್ಲಿ ಕಟ್ಟಿದ ಆ ಎರಡು ವರ್ಷಗಳ ಗಾಡಿಗಳನ್ನು ನಾನಂತೂ ಎರಡು ಸಲ ನೋಡುತ್ತೇನೆ. ಕೈಯಲ್ಲಿರುವ ಪೂರ್ತಿ ದುಡ್ಡನ್ನು ಗಾಡಿಗೇ ಹಾಕಬೇಡಿ. ಹತ್ತರಲ್ಲಿ ಒಂದು ಪಾಲು ಮೊದಲ ವರ್ಷದ ರಿಪೇರಿಗೆ ಎತ್ತಿಡಿ.

ಮನಸ್ಸಿಗೆ ಒಪ್ಪಿದ ಗಾಡಿ ಸಿಕ್ಕ ಮೇಲೆ ಇನ್‌ಸ್ಪೆಕ್ಟರ್ ಕರೆಸಿ. ಮಾರುವವರು ಹೇಳಿದವರನ್ನಲ್ಲ, ನೀವೇ ಹುಡುಕಿದವರನ್ನು. ಎನ್‌ಆರ್‌ವಿಐಎ ಎಂಬ ಸಂಘ ಇವರಿಗೆ ಸರ್ಟಿಫಿಕೇಟ್ ಕೊಡುತ್ತದೆ. ನೂರಾರು ಡಾಲರ್ ಆಗುತ್ತದೆ, ದೊಡ್ಡ ಗಾಡಿಗೆ ಸಾವಿರ ದಾಟಬಹುದು. ನಮ್ಮ ಇನ್‌ಸ್ಪೆಕ್ಟರ್ ಮಾಡಿದ ಒಂದು ಪರೀಕ್ಷೆ ನೋಡಲು ಮಜಾ ಇತ್ತು. ಛಾವಣಿಯ ಕಿಂಡಿಗೆ ಬ್ಲೋವರ್ ಕೂರಿಸಿ ಗಾಡಿಯೊಳಗೆ ಗಾಳಿ ತುಂಬಿದರು. ಆಮೇಲೆ ಹೊರಗಿನ ಸಂದುಗಳಿಗೆಲ್ಲ ಸೋಪಿನ ನೀರು ಚಿಮುಕಿಸಿದರು. ಸೀಳಿದ್ದಲ್ಲಿ ಗುಳ್ಳೆ ಎದ್ದಿತು. ಸೈಕಲ್ ಶಾಪಿನವನು ಟ್ಯೂಬನ್ನು ನೀರಲ್ಲಿ ಮುಳುಗಿಸಿ ಪಂಕ್ಚರ್ ಹುಡುಕುತ್ತಿದ್ದನಲ್ಲ, ಥೇಟ್ ಅದೇ. ಬೆಳಕಿಂಡಿಯ ಸುತ್ತ ಮೂರು ಕಡೆ ಗುಳ್ಳೆ ಬಂತು. ಒಳಗೆ ತೇವ ಇನ್ನೂ ಇಳಿದಿರಲಿಲ್ಲ. ಅದನ್ನು ತೋರಿಸಿ ಬೆಲೆ ಇಳಿಸಿಕೊಂಡೆವು.

ಕಾಗದಪತ್ರದಲ್ಲಿ ಮುಖ್ಯವಾದದ್ದು ಟೈಟಲ್, ಅಂದರೆ ಇದು ಯಾರದು ಅಂತ ರಾಜ್ಯ ಕೊಡುವ ಪತ್ರ. ಅದರಲ್ಲಿರುವ ಹೆಸರು, ಮಾರುವವರ ಹೆಸರು ಒಂದೇ ಆಗಿರಬೇಕು. ವಿನ್ ನಂಬರನ್ನು ಗಾಡಿಯ ಮೇಲಿನದಕ್ಕೆ ತಾಳೆ ನೋಡಿ. ಬ್ಯಾಂಕಿನ ಸಾಲ ಬಾಕಿ ಇದೆಯಾ, ‘ಸಾಲ್ವೇಜ್’ ಎಂಬ ಮುದ್ರೆ ಇದೆಯಾ ಅಂತಲೂ ನೋಡಿ. ಅಂಥ ಮುದ್ರೆ ಇದ್ದರೆ ದೊಡ್ಡ ಅಪಘಾತವೋ ಪ್ರವಾಹವೋ ಆಗಿ ವಿಮೆಯವರು ಕೈಬಿಟ್ಟ ಗಾಡಿ ಅದು. ಓಹಾಯೋದಲ್ಲಿ ಮಾರುವವರು ನೋಟರಿ ಎದುರಿಗೇ ಸಹಿ ಹಾಕಬೇಕು. ಮೊದಲೇ ಸಹಿ ಮಾಡಿಟ್ಟ ಖಾಲಿ ಟೈಟಲ್ ಕೊಡಲು ಬಂದರೆ ತೆಗೆದುಕೊಳ್ಳಬೇಡಿ. ಎನ್‌ಎಚ್‌ಟಿಎಸ್‌ಎ ಎಂಬ ರಸ್ತೆ ಸುರಕ್ಷತೆಯ ಸರ್ಕಾರಿ ಸಂಸ್ಥೆಯ ವೆಬ್‌ಸೈಟಿನಲ್ಲಿ ವಿನ್ ಹಾಕಿದರೆ ಬಾಕಿ ಇರುವ ರೀಕಾಲ್‌ಗಳು, ಅಂದರೆ ದೋಷ ಸರಿಪಡಿಸಲು ಕಂಪನಿ ಗಾಡಿಯನ್ನು ವಾಪಸ್ ಕರೆದ ಪ್ರಕರಣಗಳು, ಪುಕ್ಕಟೆ ಗೊತ್ತಾಗುತ್ತವೆ. ಚಾಸಿಯದು, ಮೇಲಿನ ಮನೆಯದು ಬೇರೆ ಬೇರೆ ಇರುತ್ತವೆ, ಎರಡನ್ನೂ ನೋಡಿ.

ಕೊನೆಗೆ, ಕೊಳ್ಳುವ ಮುಂಚೆಯೇ ಕೇಳಬೇಕಾದ, ನಾವು ಕೇಳದೇ ಬಿಟ್ಟ ಪ್ರಶ್ನೆ: ನಿಲ್ಲಿಸುವುದು ಎಲ್ಲಿ? ಇಲ್ಲಿನ ಹಲವು ಬಡಾವಣೆಗಳ ಸಂಘಗಳು ಮನೆ ಮುಂದೆ ಇಂಥ ಗಾಡಿ ನಿಲ್ಲಿಸಲು ಬಿಡುವುದಿಲ್ಲ. ನಮಗೆ ನಾಲ್ಕನೇ ದಿನಕ್ಕೆ ನೋಟಿಸ್ ಬಂತು. ಅಪ್ಪ ಅದನ್ನು ಎರಡು ಸಲ ಓದಿಸಿಕೊಂಡು, “ನಮ್ಮ ಮನೆ ಮುಂದೆ ನಮ್ಮ ಮನೆ ನಿಲ್ಲಿಸೋಕೆ ಇವರನ್ನ ಕೇಳಬೇಕೇನೋ?” ಎಂದರು. ಊರಾಚೆ ತಿಂಗಳ ಬಾಡಿಗೆಗೆ ಜಾಗ ಹುಡುಕಿದೆವು. ಬಯಲಲ್ಲಾದರೆ ಒಂದು ದರ, ಶೀಟ್ ಹೊದಿಸಿದ ಶೆಡ್ಡಿನಲ್ಲಾದರೆ ಹೆಚ್ಚುಕಮ್ಮಿ ಅದರ ಎರಡರಷ್ಟು. ಹೆಂಡತಿ ಯೋಚಿಸಲೇ ಇಲ್ಲ, ಶೆಡ್ಡೇ ಇರಲಿ ಅಂದಳು. ಮೊದಲ ಗಾಡಿಯ ಮೂಲೆ ಒತ್ತಿದ ಹೆಬ್ಬೆರಳು ಅವಳದ್ದು ತಾನೇ.